ಬಿಚ್ಚಿದ ಅಂಗೈ

“ಅಣ್ಣಾ, ಇಲ್ಲಿ ನೀವೇ ಹಿರಿಯರು, ಒಂದು ಒಳ್ಳೆ ಮಾತು ಹೇಳಿ ಹರಸಿ,” ಎನ್ನುತ್ತ ಬುರುಲ್ ತನ್ನ ಗಂಡ ಜುಮಾಲಿಯ ಆಸ್ಪತ್ರೆ ಮಂಚದ ಪಕ್ಕ, ಹಾರೈಕೆ ಬೇಡುವ ರೂಢಿಯಂತೆ ಎರಡೂ ಅಂಗೈ ಬಿಚ್ಚಿ ನಿಂತಳು. ಎಪ್ಪತ್ತೆರಡರ ಕೆರಿಮ್‌ಕುಲ್ ಹರಸದೆ ಅಲ್ಲಿಂದ ಏಳುವಂತಿರಲಿಲ್ಲ. ಅವನೂ ಅಂಗೈ ಬಿಚ್ಚಿದ. ನಿನ್ನೆ ಮಧ್ಯಾಹ್ನ ತನ್ನ ಮೊಮ್ಮಗಳ ಮದುವೆಯೂಟದಲ್ಲಿ ಜುಮಾಲಿಗೆ ವೋಡ್ಕಾ ಬಟ್ಟಲು ನೀಡಿದ್ದೂ ಇವೇ ಕೈಗಳು.

“ಬೇಡ ಅಣ್ಣಾ, ಸೊಂಟನೋವಿನ ಮಾತ್ರೆ ನುಂಗಿದೀನಿ, ಗಾಡಿ ಬೇರೆ ಓಡಿಸಬೇಕು,” ಎಂದಿದ್ದ ಅರವತ್ತೆಂಟರ ಜುಮಾಲಿ. “ಹಿರಿಯ ಕೊಟ್ಟ ಬಟ್ಟಲನ್ನ ವಾಪಸ್ ಮಾಡ್ತೀಯೇನೋ? ಮರ್ಯಾದೆ ಅಂತ ಕುರಿತಲೆ ನಿನ್ನ ಮುಂದಿಟ್ಟಿದ್ದು ಇದಕ್ಕೇನಾ?” ಎಂದು ಕೆರಿಮ್‌ಕುಲ್ ನೆಂಟರೆದುರೇ ಮೂದಲಿಸಿದ್ದ. ಎಲ್ಲರೂ ನಕ್ಕಿದ್ದರು. ಜುಮಾಲಿ ಮೂರು ಬಟ್ಟಲು ಕುಡಿದ. ಊರಿಗೆ ಮರಳುವಾಗ ನಾರಿನ್ ಕಣಿವೆಯ ತಿರುವಿನಲ್ಲಿ ಅವನ ಕಾರು ಮಗುಚಿತು. ಈಗ ತೊಡೆಯ ಮೂಳೆ ಎರಡು ತುಂಡು.

“ಮಾತ್ರೆ ನುಂಗಿದ ದಿನ ಮುಟ್ಟಲ್ಲ ಅಂತ ನನಗೆ ಆಣೆ ಮಾಡಿದ್ರು,” ಎಂದಳು ಮದುವೆಗೆ ಹೋಗಿರದ ಬುರುಲ್, ಕೈ ಇಳಿಸದೆ. “ಈಗ ಕೇಳಿದ್ರೆ, ಆಸೆ ಆಯ್ತು, ನಾನೇ ಸುರ್ಕೊಂಡು ಕುಡಿದೆ ಅಂತಾರೆ. ಈ ವಯಸ್ಸಲ್ಲಾದ್ರೂ ಇವರಿಗೆ ಬುದ್ಧಿ ಬರಲಿ ಅಂತ ಹರಸಿ.”

ಕೆರಿಮ್‌ಕುಲ್ ಜುಮಾಲಿಯ ಕಡೆ ನೋಡಿದ. ಜುಮಾಲಿ ಕಣ್ಣಲ್ಲೇ ಬೇಡವೆಂದ.

“ಅವನು ಬೇಡ ಅಂದಿದ್ದ, ತಂಗೀ. ನಾನೇ...”

“ಓಮಿನ್, ಹಾಗೇ ಆಗಲಿ!” ಎಂದು ಜುಮಾಲಿ ಮಲಗಿದಲ್ಲಿಂದಲೇ ಕೂಗಿ, ಹಾರೈಕೆ ಮುಗಿದಾಗ ಎಲ್ಲರೂ ಮಾಡುವಂತೆ ಗಡಿಬಿಡಿಯಲ್ಲಿ ಅಂಗೈಗಳಿಂದ ಮುಖ ಸವರಿಕೊಂಡ. ಬುರುಲ್ ಮುಖ ಸವರಿಕೊಳ್ಳಲಿಲ್ಲ. ಬಿಚ್ಚಿದ ಅಂಗೈಗಳನ್ನು ಹಾಗೆಯೇ ಹಿಡಿದು, ಕೆರಿಮ್‌ಕುಲ್‌ನ ಬಾಯನ್ನೇ ನೋಡುತ್ತ ನಿಂತಳು.