ಹಿಂದ ಜಾಗಾ ಖಾಲಿ ಐತಿ

ನೀರಿಗೆ ಮಾತು ತಿಳಿಯತೊಡಗಿದ ಮೇಲೆ ಅದು ಇಳಿಜಾರಿಗೆ ಸೊಪ್ಪು ಹಾಕುತ್ತಿರಲಿಲ್ಲ. ಶುದ್ಧೀಕರಣ ಘಟಕದ ಕಾಲುವೆಯಿಂದ ನಾಲ್ಕು ತೊಟ್ಟಿಗಳಿಗೂ ಸಮನಾಗಿ ಹರಿಯಬೇಕಾದ ನೀರು ಮೊದಲನೆಯದರ ಬಾಗಿಲಲ್ಲೇ ಮುಗಿಬೀಳುತ್ತಿತ್ತು. ಮುಂದೆ ಬಂದ ನೀರು ಹಿಂದೆ ಬರುವ ನೀರಿಗೆಂದು, ಬಸ್ಸಿನಲ್ಲಿ ಟವೆಲ್ ಹಾಕಿದಂತೆ, ನೊರೆ ಹಾಸಿ ಜಾಗ ಹಿಡಿಯುತ್ತಿತ್ತು. ನಾಲ್ಕನೆಯ ತೊಟ್ಟಿ ಒಣಗಿ, ಸ್ಟೇಷನ್ ರೋಡಿನ ಜನ ಕೊಡ ಹಿಡಿದು ಗೇಟಿಗೆ ಬಂದಿದ್ದರು.

ನೀರಿನ ವೇಗ ಕೊನೆಯ ತೊಟ್ಟಿಯವರೆಗೂ ಉಳಿಯಲೆಂದು ಇಂಜಿನಿಯರ್ ಶಕುಂತಲಾ ಬೆಟಗೇರಿ ಕಾಲುವೆಯನ್ನು ಕೊನೆಯತ್ತ ಕಿರಿದಾಗಿಸಿ ನೋಡಿದರು. ನೀರು ಜಗ್ಗಲಿಲ್ಲ. ಕೊನೆಗೆ ನಿವೃತ್ತ ಬಸ್ ಕಂಡಕ್ಟರ್ ಮಾಬೂಸಾಬರನ್ನು ಕರೆಸಿದರು.

ಅವರು ದಂಡೆಯ ಮೇಲೆ ನಿಂತು ಗದರಿದರು: "ಬಾಗಲಾಗ ನಿಂದರಬ್ಯಾಡ್ರಿ! ಒಳಗ ಸರೀರಿ, ಹಿಂದ ಜಾಗಾ ಖಾಲಿ ಐತಿ!"

ನೀರು ಗೊಣಗುತ್ತ ಸರಿಯಿತು. ನಾಲ್ಕೂ ತೊಟ್ಟಿಗಳು ಸಮನಾಗಿ ತುಂಬಿದವು. ಮಾಬೂಸಾಬರು ಸೀಟಿ ಊದಿ, "ರೈಟ್, ರೈಟ್!" ಎಂದರು. ವಾಲ್ವ್ ತೆರೆದೇ ಇತ್ತು, ಆದರೂ ಊರಿನ ಕಡೆ ಒಂದು ಹನಿಯೂ ಹೊರಡಲಿಲ್ಲ.

"ಇನ್ನ ಯಾರನ್ನ ಕಾಯಾಕತ್ತೀರಿ?" ಎಂದು ಅವರು ರೇಗಿದರು.

ಶಕುಂತಲಾ ಅವರಿಗೆ ಹೊಳೆಯಿತು. "ಡ್ರೈವರ್ ಬಂದಿಲ್ಲಲ್ರೀ, ಮಾಬೂಸಾಬರ!"

ಶಕುಂತಲಾ ತಾವೇ ಸ್ಟೂಲ್ ಎಳೆದುಕೊಂಡು ವಾಲ್ವಿನ ದೊಡ್ಡ ಚಕ್ರದ ಮುಂದೆ ಕುಳಿತರು. ಅದನ್ನು ಎರಡೂ ಕೈಯಲ್ಲಿ ಹಿಡಿದು, ಅಷ್ಟೂ ಜನರ ಎದುರು ಬಾಯಲ್ಲೇ "ಪೋಂ ಪೋಂ" ಎಂದರು.

ನೀರು ಹೊರಟಿತು. ಗೇಟಿನಲ್ಲಿದ್ದವರು ಕೊಡ ಎತ್ತಿಕೊಂಡು ತಮ್ಮ ತಮ್ಮ ಸ್ಟಾಪಿಗೆ ಓಡಿದರು.