ಐವತ್ತೊಂಬತ್ತು, ನಂಬರ್ ಒಂದು

ಹನ್ನೆರಡೂವರೆಯಾಯಿತು, ತಮ್ಮನ ದನಿ ಇನ್ನೂ ಬಂದಿರಲಿಲ್ಲ. ಕ್ಲಬ್ಬಿನ ಇಕ್ಕಟ್ಟಾದ ಕೋಣೆಯಲ್ಲಿ ದೂರದವರ ಜೊತೆ ಮಾತಾಡುವ ಹ್ಯಾಮ್ ರೇಡಿಯೊ ಮುಂದೆ ತಂತಿಯಮ್ಮ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದು ಕೂತಿದ್ದಳು. ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವುದು ಅವಳ ಕಸುಬು, ಅದಕ್ಕೇ ಆ ಹೆಸರು. ಯಾರು ಹೆಚ್ಚು ಜನರನ್ನು ಸಂಪರ್ಕಿಸುತ್ತಾರೆ ಎಂಬ ಸ್ಪರ್ಧೆ ಮುಗಿಯಲು ಇನ್ನು ಅರ್ಧ ಗಂಟೆಯಷ್ಟೇ ಇತ್ತು.

"ಯಾಕಮ್ಮಾ ಸುಮ್ನೆ ಕೂತ್ರಿ? ಕರೀರಿ, ಕರೀರಿ!" ಎಂದರು ಪಕ್ಕದಲ್ಲಿ ಇನ್ನೊಂದು ಹೆಡ್‌ಫೋನ್ ಹಾಕಿಕೊಂಡು ಸಂಪರ್ಕಗಳ ಲಾಗ್ ಪುಸ್ತಕ ಬರೆಯುತ್ತಿದ್ದ ವಾಚ್ ರಿಪೇರಿಯವರು. ಹೋದ ವರ್ಷ ಎರಡೇ ಅಂಕದಿಂದ ಸೋತದ್ದು ಅವರಿಗೆ ಇನ್ನೂ ಅರಗಿರಲಿಲ್ಲ. ಕ್ಲಬ್ಬುಗಳೆಲ್ಲ ಸೇರಿ ಮಾಡಿಕೊಂಡ ನಿಯಮಪಟ್ಟಿ ಅವರಿಗೆ ಬಾಯಿಪಾಠ. ಆ ನಿಯಮಗಳೋ, ಒಂದಕ್ಕಿಂತ ಒಂದು ಬಿಗಿ. ಕರೆದವರಿಗೆ ಉತ್ತರ ಕೊಡಲೇಬೇಕು. ದನಿ ಎಷ್ಟು ಸ್ಪಷ್ಟವಾಗಿದೆ ಎಂದು ಹೇಳಬೇಕು, ಕೇಳಿಸಲಿ ಬಿಡಲಿ ಎಲ್ಲರೂ 'ಐವತ್ತೊಂಬತ್ತು' ಅಂತಲೇ ಹೇಳುವುದು, ಅಂದರೆ ಚೆನ್ನಾಗಿ ಕೇಳಿಸುತ್ತಿದೆ ಅಂತ. ಆಮೇಲೆ ಅದು ಆ ದಿನದ ಎಷ್ಟನೆಯ ಸಂಪರ್ಕ ಎಂಬ ನಂಬರು. ಅಷ್ಟು ಮುಗಿದರೆ ಒಂದು ಅಂಕ. ಅದರ ಮೇಲೆ ಹೇಗಿದ್ದೀರಿ, ಊಟವಾಯಿತಾ ಎಂದು ಖಾಸಗಿ ಮಾತು ತೆಗೆದರೋ, ಬಂದ ಅಂಕವೂ ಹೋಯಿತು, ಇಬ್ಬರದೂ.

ತಮ್ಮ ಇದ್ದದ್ದು ಎದುರಾಳಿ ಕ್ಲಬ್ಬಿನಲ್ಲಿ, ಆಡುತ್ತಿದ್ದದ್ದು ಮಾತ್ರ ತನ್ನ ಮನೆಯ ಸೆಟ್ಟಿನಿಂದ. ಆರು ವರ್ಷದ ಹಿಂದೆ ಅಮ್ಮ ಅವನ ಮನೆಯಲ್ಲಿ ತೀರಿಕೊಂಡಾಗ, "ನೀನು ಸರಿಯಾಗಿ ನೋಡ್ಕೊಂಡಿದ್ರೆ ಅಮ್ಮ ಇನ್ನೂ ಇರ್ತಿದ್ಲು" ಎಂದುಬಿಟ್ಟಿದ್ದಳು ಇವಳು, ಬಂದ ನೆಂಟರೆಲ್ಲರ ಎದುರಿಗೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆವತ್ತಿನಿಂದ ಫೋನಿಲ್ಲ, ಹೋಗಿಬರುವುದಿಲ್ಲ. ವರ್ಷಕ್ಕೊಮ್ಮೆ ಈ ಸ್ಪರ್ಧೆಯಲ್ಲಿ ಅವನು ಕರೆಯುತ್ತಿದ್ದ, ಶುರುವಾದ ಮೊದಲ ಗಂಟೆಯಲ್ಲೇ. ಐವತ್ತೊಂಬತ್ತು, ಒಂದು ನಂಬರು, ಥ್ಯಾಂಕ್ಯೂ. ಅಷ್ಟನ್ನೇ ಅವಳು ವರ್ಷವಿಡೀ ಮೆಲುಕು ಹಾಕುತ್ತಿದ್ದಳು.

ಈ ಸಲ ಮಾತ್ರ ಅಷ್ಟು ಸಾಲದಾಗಿತ್ತು. ಹದಿನೈದು ದಿನದ ಹಿಂದೆ ಮಿಕ್ಸಿ ರಿಪೇರಿಗೆ ತಂದ ಹೆಂಗಸೊಬ್ಬಳು, "ನಿಮ್ಮ ತಮ್ಮಂಗೆ ಹಾರ್ಟ್ ಆಪರೇಷನ್ ಆಯ್ತಂತಲ್ಲಾ, ಈಗ ಹೇಗಿದಾರೆ?" ಎಂದು ಕೇಳಿದ್ದಳು. ತಂತಿಯಮ್ಮ ಆ ರಾತ್ರಿಯಿಂದ ಎಷ್ಟು ಸಲ ಫೋನ್ ಎತ್ತಿಕೊಂಡಳೋ ಅಷ್ಟೇ ಸಲ ಕೆಳಗಿಟ್ಟಿದ್ದಳು. ಯಾವ ಮುಖ ಇಟ್ಟುಕೊಂಡು ಕೇಳುವುದು? ಆ ಕಡೆಯಿಂದ ಬೇರೆ ಯಾರಾದರೂ ಎತ್ತಿ, ಕೇಳಬಾರದ್ದನ್ನು ಹೇಳಿಬಿಟ್ಟರೆ?

ಒಂದಕ್ಕೆ ಹತ್ತು ನಿಮಿಷವಿದೆ ಎನ್ನುವಾಗ ಗೊರಗೊರ ಸದ್ದಿನ ನಡುವೆ ರೇಡಿಯೊದಲ್ಲಿ ಅವನ ಗುರುತಾದ ಕಾಲ್‌ಸೈನ್ ಕೇಳಿಸಿತು. ದನಿ ಅವನದೇ, ಆದರೆ ಮೆಟ್ಟಿಲು ಹತ್ತಿ ಬಂದವನ ಹಾಗೆ ಏದುಸಿರು. "ಐವತ್ತೊಂಬತ್ತು," ಎಂದು ನಿಲ್ಲಿಸಿ ಉಸಿರು ಎಳೆದುಕೊಂಡ. "ನಂಬರ್ ಒಂದು."

ಒಂದು! ಹೋದ ವರ್ಷದ ಫಲಿತಾಂಶದಲ್ಲಿ ತೊಂಬತ್ತು ದಾಟಿದ್ದವನು. ಬೆಳಗಿನಿಂದ ಯಾರನ್ನೂ ಕರೆಯದವನು ಈಗ ಎದ್ದು ಬಂದು ಸೆಟ್ ಹಾಕಿದ್ದು ಇವಳಿಗಾಗಿ. ಹೇಗಿದ್ದೀಯೋ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ವಾಚಿನವರು ನಿಯಮಪಟ್ಟಿಯ ಮೇಲೆ ಪೆನ್ನಿನಿಂದ ಟಕಟಕ ಬಡಿದರು. "ಐವತ್ತೊಂಬತ್ತು, ನಂಬರ್ ಎಂಬತ್ತೇಳು. ಥ್ಯಾಂಕ್ಯೂ," ಎಂದುಬಿಟ್ಟಳು ಅವಳು. ಮೈಕಿನ ಗುಂಡಿ ಬಿಟ್ಟ ಮೇಲೆ ತನ್ನ ಮೇಲೆ ತನಗೇ ಅಸಹ್ಯವಾಯಿತು. ಥೂ, ಒಡಹುಟ್ಟಿದವನಿಗಿಂತ ಒಂದು ಅಂಕ ಹೆಚ್ಚಾಯಿತೇ?

"ಭೇಷ್! ಬೇಗ ಮುಂದಿನವರನ್ನ ತಗೊಳ್ಳಿ, ಇಬ್ಬರು ಕಾಯ್ತಿದಾರೆ," ಎಂದರು ವಾಚಿನವರು. ಒಬ್ಬರನ್ನು ಮುಗಿಸಿದಳು. ಗಡಿಯಾರದಲ್ಲಿ ಮೂರು ನಿಮಿಷ ಉಳಿದಿತ್ತು. ಇನ್ನೊಬ್ಬರಿಗೆ ಬಾಯಿ ತೆರೆಯುವಷ್ಟರಲ್ಲಿ ಅದೇ ಏದುಸಿರಿನ ದನಿ ಮತ್ತೆ ನಡುವೆ ನುಗ್ಗಿತು, ಅದೇ ಕಾಲ್‌ಸೈನ್.

"ಇವರಿಗೇನು ತಲೆ ಕೆಟ್ಟಿದೆಯಾ? ಆಗ್ಲೇ ಬರ್ಕೊಂಡಾಯ್ತು. ಒಂದೇ ದಿನ ಎರಡನೇ ಸಲ ಬಂದ್ರೆ ಆ ಸಲಕ್ಕೆ ಅಂಕ ಸೊನ್ನೆ ಅಂತ ಗೊತ್ತಿಲ್ವಾ? ಬಿಡಿ ಅಮ್ಮಾ, ಇವರ ಜೊತೆ ಕೂತ್ರೆ ಕಾಯ್ತಿರೋರು ಕೈತಪ್ಪಿ ಹೋಗ್ತಾರೆ!" ವಾಚಿನವರು ಹೆಚ್ಚುಕಮ್ಮಿ ಕೂಗಿಕೊಂಡರು.

ತಂತಿಯಮ್ಮ ಅವರ ಕಡೆ ತಿರುಗಲೂ ಇಲ್ಲ. ತಮ್ಮನಿಗೇ ಉತ್ತರಿಸಲು ಗುಂಡಿ ಒತ್ತಿದಳು. ಆದರೆ ಆರು ವರ್ಷದ ಭಯ ಅಷ್ಟು ಸುಲಭವಾಗಿ ಬಿಡುತ್ತದೆಯೇ? ಬಾಯಿಂದ ಬಂದದ್ದು ನಿಯಮವೇ. "ನಿಮ್ಮನ್ನ... ನಿಮ್ಮನ್ನ ಆಗ್ಲೇ ಬರ್ಕೊಂಡಿದೀವಿ. ಈ ಸಲ ಮಾತಾಡಿದ್ರೆ ಅಂಕ ಇಲ್ಲ. ಕಳ್ಕೊಳೋಕೂ ಏನಿಲ್ಲ."

ಗೊರಗೊರದ ನಡುವೆ ಆ ಕಡೆಯಿಂದ ಸಣ್ಣಗೆ ನಕ್ಕ ಸದ್ದು.

"ಗೊತ್ತಕ್ಕಾ. ಅದಕ್ಕೇ ಕರೆದೆ."