ತೇರ್ಸಿನ ಹೊತ್ತಿನ ಫೋನು

ಸತ್ತ ಲಿಯೊನೆಲ್ ಊರಿಗೆ ಫೋನ್ ಮಾಡುವ ಹೊತ್ತಾಗಿತ್ತು. ಅವನ ತಂಗಿ ಲವಿನಾ ಮಾತ್ರ ಊರಿನಲ್ಲಿರಲಿಲ್ಲ. ಇಲ್ಲೇ, ದುಬೈಯಲ್ಲಿ, ಅವನು ಅಡುಗೆ ಮಾಡುತ್ತಿದ್ದ ರೆಸ್ಟೋರೆಂಟಿನಲ್ಲೇ ಕೂತು ಸೂಪು ಕುಡಿಯುತ್ತಿದ್ದಳು.

ರುಡೊಲ್ಫ್ ಅಡುಗೆಮನೆಯ ಬಾಗಿಲ ಸಂದಿನಿಂದ ಅವಳನ್ನೇ ನೋಡುತ್ತಿದ್ದ. ಕಪ್ಪು ಚೂಡಿದಾರ, ಕಪ್ಪು ಶಾಲು. ಇವಳಿಗೆ ವಿಷಯ ಮುಟ್ಟಿದೆಯೋ ಹೇಗೆ? ಬೆಳಿಗ್ಗೆ ಹೇಳದೆ ಕೇಳದೆ ಟ್ಯಾಕ್ಸಿಯಲ್ಲಿ ಬಂದಿಳಿದಾಗ, ಅಣ್ಣ ಅಬುಧಾಬಿಗೆ ಹೋಗಿದ್ದಾನೆ ಎಂದು ಸುಳ್ಳು ಹೇಳಿದ್ದ.

ಅಲ್ ಮುರಕ್ಕಬಾತಿನ ಹಿಂದಿನ ಗಲ್ಲಿಯಲ್ಲಿದ್ದ ಆ ಹಳೆಯ ವಿಲ್ಲಾವನ್ನು ದೋನಾ ಇನೆಸ್ ಎಂಬ ಪೋರ್ಚುಗೀಸ್ ಮುದುಕಿ ನಡೆಸುತ್ತಿದ್ದಳು. ಮೇಲೆ ಅತಿಥಿಗಳ ಕೋಣೆಗಳು, ಕೆಳಗೆ ನೀಲಿ ಚಿತ್ರದ ಟೈಲ್ಸ್ ಹಾಕಿದ ಪುಟ್ಟ ರೆಸ್ಟೋರೆಂಟು. ಅಡುಗೆ ಕಾರ್ಕಳದ ಲಿಯೊನೆಲ್‌ನದು, ಬಡಿಸುವ ಕೆಲಸ ಕುಂದಾಪುರದ ರುಡೊಲ್ಫ್‌ನದು.

ಕಳೆದ ವಾರ ಉಪ್ಪು ಮೀನು ನೆನೆಹಾಕುತ್ತಿದ್ದ ಲಿಯೊನೆಲ್ ಎದೆ ಹಿಡಿದುಕೊಂಡು ಕುಸಿದ. ಆಸ್ಪತ್ರೆ ಮುಟ್ಟುವ ಮೊದಲೇ ಖಲಾಸ್. ಊರಿಗೆ, ಲಿಯೊನೆಲ್‌ನ ತಾಯಿಗೆ, ಫೋನ್ ಮಾಡಿದ ರುಡೊಲ್ಫ್ ಅರ್ಧವನ್ನಷ್ಟೇ ಹೇಳಿದ: "ಮಾಂಯ್, ಲಿಯೊನೆಲ್‌ಗೆ ಎದೆನೋವು, ಆಸ್ಪತ್ರೆಯಲ್ಲಿದ್ದಾನೆ." ಆ ಕಡೆ ಏನೋ ಬಿದ್ದ ಸದ್ದಾಯಿತು. ಲೈನು ಕಟ್ಟಾಯಿತು. ಮುದುಕಿಯ ಕೈಯಿಂದ ಮೊಬೈಲು ಜಾರಿರಬೇಕು ಅಂದುಕೊಂಡ.

ಎರಡು ದಿನ ಬಿಟ್ಟು, ಉಳಿದರ್ಧ ಹೇಳಲೆಂದೇ, ಲಿಯೊನೆಲ್‌ನ ಮೊಬೈಲಿನಿಂದ ತಾಯಿಯ ನಂಬರಿಗೆ ಮತ್ತೆ ಕರೆ ಮಾಡಿದ.

"ಪುತಾ, ನೀನಾ? ಹುಷಾರಾ?" ಎಂದಿತು ಮಾಂಯ್‌ ಧ್ವನಿ.

ಮಗನೇ ಎನ್ನುವ ಆ 'ಪುತಾ' ಕೇಳಿ ಅವನಿಗೆ ಏನಾಯಿತೋ. "ಹೂಂ ಮಾಂಯ್, ನಾನೇ. ಗಂಟಲು ಕೂತಿದೆ" ಅಂದುಬಿಟ್ಟ.

ಸಿಕ್ಕಿಬಿದ್ದ. ದಿನಾ ಸಂಜೆ ತಾಯಿ ಮಗ ಫೋನಿನಲ್ಲೇ ತೇರ್ಸ್ ಮಾಡುವ ಪದ್ಧತಿ. ಜಪಮಾಲೆಯ ಪ್ರಾರ್ಥನೆಯಲ್ಲಿ ಅರ್ಧ ತಾಯಿಯದು, ಅರ್ಧ ಮಗನದು, ಕೊನೆಗೆ ತಾಯಿಯ ಬೆಸಾಂವ್, ಆಶೀರ್ವಾದ. ಅದೀಗ ರುಡೊಲ್ಫ್‌ನ ಕೊರಳಿಗೆ ಬಿತ್ತು. ವೀಡಿಯೊ ಕಾಲ್ ಈ ದೇಶದಲ್ಲಿ ಮಾಫಿ, ಇಲ್ಲವೇ ಇಲ್ಲ, ಹಾಗಾಗಿ ಮುಖ ಕಾಣುವ ಭಯವಿರಲಿಲ್ಲ. ಪ್ರಾರ್ಥನೆಯ ರಾಗ ಎಲ್ಲರದ್ದೂ ಒಂದೇ.

ಆದರೂ ಸತ್ತವನ ಮಂಚದ ಮೇಲೆ ಕೂತು 'ಆಮೆನ್' ಅನ್ನುವಾಗ ಮೈ ಜುಮ್ಮೆನ್ನುತ್ತಿತ್ತು. ಬೆನ್ನ ಹಿಂದೆ ಇನ್ನೊಬ್ಬರು ಮೆಲ್ಲಗೆ ದನಿಗೂಡಿಸಿದ ಹಾಗೆ. ತಿರುಗಿ ನೋಡಿದರೆ ಮೊಳೆಗೆ ತೂಗುಹಾಕಿದ ಲಿಯೊನೆಲ್‌ನ ಏಪ್ರನ್ನು ಮಾತ್ರ. ಆ ಕಡೆಯ ಧ್ವನಿಯೂ ವಿಚಿತ್ರವಾಗಿತ್ತು. ಲಿಯೊನೆಲ್ ಸ್ಪೀಕರ್ ಹಾಕಿದಾಗೆಲ್ಲ ಕೇಳುತ್ತಿದ್ದ ಆ ಕೆಮ್ಮು ಈಗಿಲ್ಲ, ಏದುಸಿರಿಲ್ಲ. ಬಾವಿಯ ತಳದಿಂದ ಬಂದ ಹಾಗೆ ತಗ್ಗಿದ ದನಿ. 'ಊರಿಗೆ ಯಾವಾಗ ಬರ್ತಿ' ಎಂದು ಒಂದು ದಿನವೂ ಕೇಳಲಿಲ್ಲ.

ಲಿಯೊನೆಲ್ ಇನ್ನೂ ಶವಾಗಾರದಲ್ಲಿದ್ದ. ಮನೆಯವರ ಒಪ್ಪಿಗೆಯಿಲ್ಲದೆ ಪೆಟ್ಟಿಗೆ ಊರಿಗೆ ಹೋಗುವಂತಿಲ್ಲ. "ಆ ಹುಡುಗಿಗೆ ಇವತ್ತು ನೀನು ಹೇಳದಿದ್ದರೆ ನಾನೇ ಹೇಳುತ್ತೇನೆ" ಎಂದು ದೋನಾ ಇನೆಸ್ ಮಧ್ಯಾಹ್ನವೇ ಗದರಿದ್ದಳು.

ರುಡೊಲ್ಫ್ ಧೈರ್ಯ ಮಾಡಿ ಮೇಜಿನ ಹತ್ತಿರ ಬಂದ.

"ಸೂಪಿನಲ್ಲಿ ಅಣ್ಣನ ಕೈರುಚಿ ಇಲ್ಲ" ಅಂದಳು ಲವಿನಾ. "ಎಲ್ಲಿದ್ದಾನೆ ಮಾರಾಯ್ರೆ ಅವನು? ಬೆಳಿಗ್ಗೆಯಿಂದ ಅಬುಧಾಬಿ, ಚೆಕಪ್ ಅಂತ ಎಂತ ಕತೆ ಹೇಳ್ತೀರಿ?"

"ಬರ್ತಾನೆ ಲವಿನಾ ಬಾಯ್. ಸ್ವಲ್ಪ ತಡ ಆಗ್ತದೆ."

"ಅವನೆದುರು ಕೂತು ಹೇಳುವ ಮಾತೊಂದುಂಟು. ಫೋನಲ್ಲಿ ನನ್ನಿಂದ ಆಗುದಿಲ್ಲ. ಅದಕ್ಕೇ ಬಂದದ್ದು."

ಗಂಡು ಗೊತ್ತಾಗಿರಬೇಕು, ಪಾಪ. ರುಡೊಲ್ಫ್‌ನ ಕಣ್ಣು ಅವಳ ಕೈಯತ್ತ ಹೋಯಿತು. ಅವಳ ಮುಷ್ಟಿಯಲ್ಲಿ ಸವೆದ ಮರದ ಜಪಮಾಲೆ ಇತ್ತು.

"ಮಾಂಯ್‌ದಾ?"

"ಅವರದ್ದೇ. ಅಣ್ಣನಿಗೆ ಅಂತ ತಂದದ್ದು."

"ಹೇಗಿದ್ದಾರೆ?"

"ಈಗ ನೋವೊಂದೂ ಇಲ್ಲ ಅವರಿಗೆ." ಅವಳು ತಲೆಯೆತ್ತಲಿಲ್ಲ. ಗೋಡೆಯ ಗಡಿಯಾರ ನೋಡಿದಳು. ಅವನೂ ನೋಡಿದ.

ಹೇಳುವ ಬದಲು ಅವಳ ಲೋಟಕ್ಕೆ ನೀರು ಸುರಿದ. ಥೂ ಹೇಡಿ, ಎಂದು ತನ್ನನ್ನೇ ಬೈದುಕೊಂಡ. ನಾಳೆ ಇಗರ್ಜಿಯ ಫಾದರನ್ನು ಕರೆತಂದು ಹೇಳಿಸಿದರಾಯಿತು, ಇದೊಂದು ರಾತ್ರಿ ದಾಟಲಿ. ಉಪಾಯವೂ ಹೊಳೆಯಿತು. ಮಾಂಯ್‌ಗೆ ಲಿಯೊನೆಲ್‌ನಾಗಿ ಫೋನ್ ಮಾಡಿ, 'ಅಬುಧಾಬಿಯಲ್ಲೇ ಉಳೀತೇನೆ, ಕಾಯಬೇಡ ಅಂತ ಲವಿನಾಗೆ ಹೇಳಿ' ಅಂದುಬಿಡುವುದು. ತಾಯಿ ಹೇಳಿದರೆ ಇವಳು ನಂಬುತ್ತಾಳೆ.

"ಒಳಗೆ ಕೆಲಸ ಉಂಟು" ಎಂದವನೇ ಹಿಂದಿನ ಮೆಟ್ಟಿಲೇರಿ ಲಿಯೊನೆಲ್‌ನ ಕೋಣೆ ಸೇರಿ ಚಿಲಕ ಹಾಕಿದ. ಒಂದೇ ದೊಡ್ಡ ಕೋಣೆಯನ್ನು ನಡುವೆ ಪ್ಲೈವುಡ್ ಹೊಡೆದು ಎರಡು ಮಾಡಿದ್ದು ಅದು. ಬೇರೆ ಕೋಣೆ ಖಾಲಿಯಿಲ್ಲದೆ ಆಚೆಯ ಅರ್ಧವನ್ನೇ ಲವಿನಾಳಿಗೆ ಕೊಟ್ಟಿದ್ದರು. ಅವಳು ಕೆಳಗಿದ್ದಾಳಲ್ಲ, ಈಗಲೇ ಮುಗಿಸಬೇಕು.

ಮೊಬೈಲು ಕೈಗೆತ್ತಿಕೊಂಡದ್ದೇ ತಡ, ಎದುರು ಮೆಟ್ಟಿಲ ಮೇಲೆ ದಡದಡ ಹೆಜ್ಜೆ ಸದ್ದು. ಉಸಿರು ಬಿಗಿಹಿಡಿದ. ಹೆಜ್ಜೆ ಅವನ ಬಾಗಿಲು ದಾಟಿ ಪಕ್ಕದ ಕೋಣೆಗೆ ಹೋಯಿತು. ಅಲ್ಲಿಯೂ ಚಿಲಕ ಬಿತ್ತು. ಸೂಪು ಅರ್ಧಕ್ಕೆ ಬಿಟ್ಟು ಇವಳೆಂತಕ್ಕೆ ಈಗಲೇ ಓಡಿ ಬಂದಳು ದೇವರೇ!

ಕಾಯುವಂತಿರಲಿಲ್ಲ. ತಡವಾದರೆ ಮಾಂಯ್ ಗಾಬರಿಯಾಗುತ್ತಾರೆ. ಲಿಯೊನೆಲ್‌ನ ಕಂಬಳಿಯನ್ನು ತಲೆತುಂಬ ಹೊದ್ದು, ಪಿಸುದನಿಯಲ್ಲೇ ಮಾತಾಡಿ ಮುಗಿಸುವುದೆಂದು ನಂಬರು ಒತ್ತಿದ. ಆಚೆ ಬದಿ ರಿಂಗಾಯಿತು.

"ಪುತಾ, ನೀನಾ? ಹುಷಾರಾ?" ಎಂದಿತು ಮಾಂಯ್‌ ಧ್ವನಿ, ಫೋನಿನಲ್ಲೊಮ್ಮೆ, ಪ್ಲೈವುಡ್ಡಿನ ಆಚೆಯಿಂದ ಇನ್ನೊಮ್ಮೆ.